ಗೆದ್ದವರ ಪಟ್ಟಿಯೂ ವೀಸಾದ ಮೊಹರೂ

2019ರ ಫೆಬ್ರುವರಿಯಲ್ಲಿ ಜಪಾನಿನ ಫುಕುವೊಕಾದಲ್ಲಿ ‘ಇವೋ ಜಪಾನ್’ ಪಂದ್ಯಾವಳಿ ನಡೆಯಿತು. ಟೆಕ್ಕನ್ 7 ಎಂಬ ಹೊಡೆದಾಟದ ವಿಡಿಯೊ ಗೇಮಿನ ಕಣದಲ್ಲಿ ಕೊರಿಯಾ ಮತ್ತು ಜಪಾನಿನ ದಿಗ್ಗಜರೆಲ್ಲ ಇದ್ದರು. ಅವರ ನಡುವೆ ಲಾಹೋರಿನಿಂದ ಬಂದ ಯುವಕನೊಬ್ಬ ಇದ್ದ. ಹೆಸರು ಅರ್ಸಲಾನ್ ಸಿದ್ದೀಕ್, ಆಟದಲ್ಲಿ ಅರ್ಸಲಾನ್ ಆ್ಯಶ್. ವೀಸಾ ಮತ್ತು ವಿಮಾನದ ತೊಡಕುಗಳನ್ನು ದಾಟಿ, ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಅಲೆದು, ನಿದ್ದೆಗೆಟ್ಟು, ಪಂದ್ಯದ ಹೊತ್ತಿಗೆ ಹೇಗೋ ಬಂದು ತಲುಪಿದ್ದರು. ಅಂತಿಮ ಹಣಾಹಣಿಯಲ್ಲಿ ‘ಎಕೆ’ ಹೆಸರಿನಲ್ಲಿ ಆಡುವ ಫಿಲಿಪ್ಪೀನ್ಸಿನ ಆಟಗಾರನನ್ನು ಮಣಿಸಿ ಅರ್ಸಲಾನ್ ಚಾಂಪಿಯನ್ ಆದರು.

ಗೆದ್ದ ಮೇಲೆ ಅವರು ಹೇಳಿದ ಮಾತು ಗೆಲುವಿಗಿಂತ ದೊಡ್ಡ ಸುದ್ದಿಯಾಯಿತು. ತನ್ನಷ್ಟೇ ಗಟ್ಟಿ ಆಟಗಾರರು ತನ್ನ ಊರಲ್ಲಿ ಇನ್ನೂ ಇದ್ದಾರೆ, ಅವರಿಗೆ ಹೊರಗೆ ಬರಲಾಗಿಲ್ಲ ಅಷ್ಟೇ ಎಂಬುದು ಅದರ ಸಾರ. ಅವೈಸ್ ಹನಿ ಮುಂತಾದವರ ಹೆಸರು ಹೊರಜಗತ್ತಿನ ಕಿವಿಗೆ ಬಿದ್ದದ್ದು ಆಗಲೇ.

ಇದು ನಿಜವಾದರೆ, ಜಗತ್ತಿನ ಅತ್ಯುತ್ತಮ ಟೆಕ್ಕನ್ ಆಟಗಾರರೆಂದು ಅಲ್ಲಿಯವರೆಗೆ ಮಾಡಿದ ಪಟ್ಟಿಗಳೆಲ್ಲ ಅರ್ಧ ಪಟ್ಟಿಗಳೇ ಆಗಿದ್ದವು. ಹೊಡೆದಾಟದ ಆಟಗಳನ್ನು ಹಚ್ಚಿಕೊಂಡವರಿಗೆ ಇದು ಸಣ್ಣ ಸಂಗತಿಯಲ್ಲ. ಯಾರು ಒಂದು, ಯಾರು ಎರಡು ಎಂಬ ವಾದ ಈ ಲೋಕದಲ್ಲಿ ಚಹಾದ ಜೊತೆಗಿನ ಬಿಸ್ಕತ್ತಿನ ಹಾಗೆ, ಸದಾ ಇದ್ದೇ ಇರುತ್ತದೆ. ಯಾವ ಅಳತೆಗೋಲು ಹಿಡಿದು ಅಳೆಯುತ್ತಿದ್ದೇವೆ ಎಂಬುದನ್ನು ಮಾತ್ರ ಕೇಳುವವರು ಕಡಿಮೆ.

ಪ್ರಶಸ್ತಿ ಎಣಿಸುವುದು ಒಂದು ದಾರಿ. ಅದು ಸುಲಭ, ಆದರೆ ಒಂದು ಪಂದ್ಯಾವಳಿ ಎರಡು ಮೂರು ದಿನದ ಮಾತು. ಟೆಕ್ಕನ್‌ನಲ್ಲಿ ಒಂದು ಸುತ್ತಿಗೆ ಸಾಮಾನ್ಯವಾಗಿ 60 ಸೆಕೆಂಡು. ಮೂರು ಸುತ್ತು ಗೆದ್ದರೆ ಒಂದು ಆಟ, ಕೊನೆಯ ಹಂತದಲ್ಲಿ ಮೂರು ಆಟ ಗೆದ್ದರೆ ಪಂದ್ಯ. ಒಂದು ತಪ್ಪು ಊಹೆ ಸುತ್ತನ್ನೇ ನುಂಗುತ್ತದೆ. ಎರಡನೆಯ ದಾರಿ ಅಂಕ. 2017ರಲ್ಲಿ ಶುರುವಾದ ಟೆಕ್ಕನ್ ವರ್ಲ್ಡ್ ಟೂರ್‌ನಲ್ಲಿ ವರ್ಷವಿಡೀ ಊರೂರು ಸುತ್ತಿ ಆಡಿದವರು ಅಂಕ ಕೂಡಿಸುತ್ತಾರೆ, ಮೇಲಿನ ಸ್ಥಾನದವರು ವರ್ಷದ ಕೊನೆಯ ಫೈನಲ್ಸ್‌ಗೆ ಹೋಗುತ್ತಾರೆ. ಪ್ರಾಯೋಜಕರ ದುಡ್ಡು, ಎಲ್ಲಿಗಾದರೂ ಹೋಗಬಲ್ಲ ಪಾಸ್‌ಪೋರ್ಟ್ ಎರಡೂ ಇದ್ದವರಿಗೆ ಈ ಪಟ್ಟಿ ಉದಾರಿ. ರಾಯಭಾರ ಕಚೇರಿಯ ಮುಂದೆ ಕಾಗದಪತ್ರ ಹಿಡಿದು ನಿಲ್ಲಬೇಕಾದವರ ಪಾಲಿಗೆ ಅದು ಅರ್ಧ ಮುಚ್ಚಿದ ಬಾಗಿಲು. ಸಂಘಟಕರಿಗೂ ಇದು ಗೊತ್ತಿತ್ತು. 2019ರಲ್ಲಿ ‘ಡೋಜೋ’ ಎಂಬ ಕೆಳಹಂತ ತಂದು, ಊರಿನ ಸಣ್ಣ ಪಂದ್ಯಾವಳಿಗಳಲ್ಲೂ ಅಂಕ ಸಿಗುವಂತೆ ಮಾಡಿದರು. ಒಳ್ಳೆಯ ಹೆಜ್ಜೆಯೇ, ಆದರೆ ದೊಡ್ಡ ಅಂಕಗಳು ದೂರದ ಊರುಗಳಲ್ಲೇ ಉಳಿದವು.

ಮೂರನೆಯ ಅಳತೆಗೋಲೊಂದಿದೆ. ಈ ಅಂಕಣ ನೆಚ್ಚುವುದು ಅದನ್ನೇ: ಅತ್ಯುತ್ತಮ ಆಟಗಾರ ಕಲಿಯಲು ಯಾರ ಮನೆ ಬಾಗಿಲಿಗೆ ಹೋಗುತ್ತಾನೆ?

ಆ ಪ್ರಶ್ನೆಗೆ ಉತ್ತರ ಕೊಟ್ಟವರು ಕೊರಿಯಾದ ಬೇ ಜೇ-ಮಿನ್. ಆಟದ ಹೆಸರು ‘ನೀ’, ಇಂಗ್ಲಿಷಿನ ಮೊಣಕಾಲು. ಕನ್ನಡದ ಕಿವಿಗೆ ಎದುರಾಳಿಯನ್ನು ಬೊಟ್ಟು ಮಾಡಿ ಕರೆದಂತೆ ಕೇಳುವ ಹೆಸರು. ಸೋಲ್ ನಗರದ ‘ಗ್ರೀನ್ ಆರ್ಕೇಡ್’ ಎಂಬ ಗರಡಿಯಲ್ಲಿ ಪಳಗಿದ ತಲೆಮಾರಿನವರು. ಬ್ರಯನ್ ಫ್ಯೂರಿ ಪಾತ್ರದ ಒಡೆಯನೆಂದೇ ಪ್ರಸಿದ್ಧಿ. ಆದರೆ ಆಟದಲ್ಲಿರುವ ಹೆಚ್ಚುಕಡಿಮೆ ಎಲ್ಲ ಪಾತ್ರಗಳನ್ನೂ ಮೇಲ್ಮಟ್ಟದಲ್ಲಿ ಆಡಬಲ್ಲವರು. 2019ರ ಹೊತ್ತಿಗೆ ಟೆಕ್ಕನ್ ಎಂದರೆ ಬೇ, ಬೇ ಎಂದರೆ ಟೆಕ್ಕನ್. ಅಂಥವರು ಅರ್ಸಲಾನ್ ಮಾತನ್ನು ಕೇಳಿಸಿಕೊಂಡು, ಲಾಸ್ ವೇಗಸ್‌ನ ಇವೋ ಪಂದ್ಯಾವಳಿಗೆ ಮುನ್ನ ಗಂಟುಮೂಟೆ ಕಟ್ಟಿ ಪಾಕಿಸ್ತಾನಕ್ಕೆ ಹೋದರು. ಅಲ್ಲಿನ ಆಟಗಾರರ ಎದುರು ಕುಳಿತು ಆಡಿದರು, ಸಾಕಷ್ಟು ಸೋತರು ಕೂಡ. ಪಟ್ಟಿಯ ತುದಿಯಲ್ಲಿರುವವರು ತಮ್ಮ ಸ್ಥಾನವನ್ನು ಹೀಗೆ ಪಣಕ್ಕಿಡುವುದು ಅಪರೂಪ. ಯಾವ ತಜ್ಞರ ಸಮಿತಿಯ ಮತಕ್ಕಿಂತಲೂ ಬೇ ಅವರ ಆ ವಿಮಾನದ ಟಿಕೆಟ್ಟಿಗೆ ತೂಕ ಹೆಚ್ಚು.

ಅದೇ ಆಗಸ್ಟಿನಲ್ಲಿ ಲಾಸ್ ವೇಗಸ್‌ನ ಮ್ಯಾಂಡಲೇ ಬೇ ಸಭಾಂಗಣದಲ್ಲಿ ಇವೋ ಫೈನಲ್. ಎದುರುಬದುರು ಕುಳಿತವರು ಅರ್ಸಲಾನ್ ಮತ್ತು ಬೇ. ಗೆದ್ದವರು ಅರ್ಸಲಾನ್. ಒಂದೇ ವರ್ಷದಲ್ಲಿ ಜಪಾನಿನ ಇವೋ, ಅಮೆರಿಕದ ಇವೋ ಎರಡನ್ನೂ ಗೆದ್ದರು. ಆ ವರ್ಷ ಇಎಸ್‌ಪಿಎನ್ ಅವರನ್ನು ವರ್ಷದ ಇ-ಸ್ಪೋರ್ಟ್ಸ್ ಆಟಗಾರ ಎಂದು ಆರಿಸಿತು.

ಗೆದ್ದದ್ದು ಯಾವುದರಿಂದ ಎಂಬುದನ್ನು ಸ್ವಲ್ಪ ಹತ್ತಿರ ಹೋಗಿ ನೋಡಬೇಕು. ಟೆಕ್ಕನ್‌ನಲ್ಲಿ ನಾಲ್ಕು ಮುಖ್ಯ ಬಟನ್: ಎಡಗೈ, ಬಲಗೈ, ಎಡಗಾಲು, ಬಲಗಾಲು. ಆಟದ ಗಡಿಯಾರ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ಅತಿ ವೇಗದ ಸಾಮಾನ್ಯ ಗುದ್ದು ಹತ್ತು ಫ್ರೇಮ್, ಅಂದರೆ ಸೆಕೆಂಡಿನ ಆರನೇ ಒಂದು ಭಾಗ. ಎದುರಾಳಿಯ ಪೆಟ್ಟನ್ನು ತಡೆದಾಗ ಆತ ಚೇತರಿಸಿಕೊಳ್ಳಲು ಹತ್ತು ಫ್ರೇಮ್ ತಡವಾದರೆ ಒಂದು ಗುದ್ದು ಖಾತ್ರಿ. ಹದಿನೈದು ತಡವಾದರೆ, ಹೆಚ್ಚಿನ ಪಾತ್ರಗಳು ಅವನನ್ನು ಗಾಳಿಗೆ ಎತ್ತಿ ನೆಲಕ್ಕೆ ಬೀಳುವ ಮುನ್ನ ಸಾಲು ಪೆಟ್ಟು ಕೊಡಬಲ್ಲವು. ಆ ಒಂದು ಎತ್ತುವಿಕೆಗೆ ಶಕ್ತಿಪಟ್ಟಿಯ ದೊಡ್ಡ ಭಾಗವೇ ಕರಗುತ್ತದೆ. ನೂರಾರು ಪಟ್ಟುಗಳಲ್ಲಿ ಯಾವುದಕ್ಕೆ ಎಷ್ಟು ಫ್ರೇಮ್ ಎಂಬುದು ದೊಡ್ಡ ಆಟಗಾರರಿಗೆ ಮಗ್ಗಿಯ ಹಾಗೆ ಬಾಯಿಪಾಠ. ಹಾಗಾಗಿ ಬಾಯಿಪಾಠದಿಂದ ಯಾರೂ ಮೊದಲ ಸ್ಥಾನಕ್ಕೆ ಏರುವುದಿಲ್ಲ.

ವ್ಯತ್ಯಾಸ ಇರುವುದು ಕಾಲಿನಲ್ಲಿ. ಕೊರಿಯನ್ ಬ್ಯಾಕ್‌ಡ್ಯಾಶ್ ಎಂಬ ಚಲನೆಯನ್ನು ತೆಗೆದುಕೊಳ್ಳಿ. ಜಾಯ್‌ಸ್ಟಿಕ್ಕನ್ನು ಹಿಂದಕ್ಕೆ ಎರಡು ಸಲ ತಟ್ಟಿದರೆ ಪಾತ್ರ ಹಿಂದೆ ಹಾರುತ್ತದೆ, ಆದರೆ ತಕ್ಷಣ ಇನ್ನೊಮ್ಮೆ ಹಾರಲಾರದು. ಹಾರಿದ ಕೂಡಲೇ ಕೋಲನ್ನು ಹಿಂದಿನ ಕೆಳಮೂಲೆಗೆ ಇಳಿಸಿದರೆ ಆ ಬಿಡುವು ರದ್ದಾಗುತ್ತದೆ. ಮತ್ತೆ ಹಿಂದಕ್ಕೆ ತಂದರೆ ಇನ್ನೊಂದು ಹಾರು. ಹೀಗೆ ಮಣಿಕಟ್ಟು ನಿಲ್ಲದೆ ತಿರುಗುತ್ತಿದ್ದರೆ ಪಾತ್ರ ಐಸಿನ ಮೇಲೆ ಜಾರಿದಂತೆ ಹಿಂದೆ ಸರಿಯುತ್ತದೆ. ಇದನ್ನು ಇಂದು ನೂರಾರು ಜನ ಮಾಡಬಲ್ಲರು. ಅರ್ಸಲಾನ್ ಅವರ ಹೆಚ್ಚುಗಾರಿಕೆ ಎಲ್ಲಿ ನಿಲ್ಲಬೇಕೆಂಬುದರಲ್ಲಿದೆ. ಎದುರಾಳಿಯ ಗುದ್ದು ಮೂಗಿನ ತುದಿಗೆ ತಾಗಿಯೂ ತಾಗದಂತೆ ಗಾಳಿಗೆ ಹೋಗುವಷ್ಟು ಮಾತ್ರ ಹಿಂದೆ ಸರಿಯುತ್ತಾರೆ. ಆ ಕೈ ವಾಪಸಾಗುವ ಮುನ್ನ ತಮ್ಮ ಪೆಟ್ಟು ಇಳಿಸಿರುತ್ತಾರೆ. 2019ರಲ್ಲಿ ಅವರ ಮುಖ್ಯ ಪಾತ್ರ ಕಜುಮಿ, ಹುಲಿಯನ್ನು ಕರೆದು ಎದುರಾಳಿಯ ಮೇಲೆ ಬಿಡುವ ಹೆಂಗಸು. ನೋಡುವವರ ಕಣ್ಣು ಹುಲಿಯ ಮೇಲೆ ನೆಡುತ್ತದೆ. ಪಂದ್ಯವನ್ನು ಗೆದ್ದುಕೊಟ್ಟಿದ್ದು ಮಾತ್ರ ಹುಲಿಗೆ ಮೊದಲಿನ ಆ ಅರ್ಧ ಹೆಜ್ಜೆ.

ಈ ಹದ ಆರ್ಕೇಡ್‌ನಿಂದ ಬಂದದ್ದು. ಅರ್ಸಲಾನ್ ಮೊದಲು ಕಿಂಗ್ ಆಫ್ ಫೈಟರ್ಸ್ ಆಡಿದವರು, ಲಾಹೋರಿನ ಆರ್ಕೇಡ್‌ಗಳಲ್ಲಿ ಬೆಳೆದವರು. ಎಲ್ಲ ದೇಶದ ಆರ್ಕೇಡ್‌ಗಳಿಗೂ ನಿಯಮ ಒಂದೇ: ಗೆದ್ದವನು ಕುಳಿತೇ ಇರುತ್ತಾನೆ, ಸೋತವನು ಎದ್ದು ಇನ್ನೊಂದು ಟೋಕನ್ ಕೊಳ್ಳುತ್ತಾನೆ. ಜೇಬಿನಲ್ಲಿ ಕಾಸು ಕಡಿಮೆಯಿದ್ದಾಗ ಸೋಲಿನ ಬೆಲೆ ಎಷ್ಟೆಂದು ಬೇಗ ಗೊತ್ತಾಗುತ್ತದೆ. ಟೆಕ್ಕನ್ 3 ಕಾಲದಲ್ಲಿ ನಮ್ಮ ಊರುಗಳ ವಿಡಿಯೊ ಗೇಮ್ ಅಂಗಡಿಗಳಲ್ಲಿ, ಗಂಟೆ ಲೆಕ್ಕದ ಬಾಡಿಗೆಗೆ ಪ್ಲೇಸ್ಟೇಷನ್ ಮುಂದೆ ಕುಳಿತು ಎಡ್ಡಿ ಎಂಬ ಪಾತ್ರದ ಕಾಲುಗಳಿಂದ ಗೆಳೆಯರನ್ನು ಗೋಳುಹೊಯ್ದುಕೊಂಡವರಿಗೆ ಈ ಲೆಕ್ಕಾಚಾರ ವಿವರಿಸಬೇಕಿಲ್ಲ.

ಹಾಗೆಂದು ಅರ್ಸಲಾನ್ ಅವರನ್ನು ಕಣ್ಣುಮುಚ್ಚಿ ಮೇಲೆ ಕೂರಿಸುವಂತಿಲ್ಲ. ಅದೇ 2019ರ ಕೊನೆಗೆ ಬ್ಯಾಂಕಾಕ್‌ನಲ್ಲಿ ನಡೆದ ವರ್ಲ್ಡ್ ಟೂರ್ ಫೈನಲ್ಸ್‌ನಲ್ಲಿ ಅವರೂ ಇದ್ದರು. ಪ್ರಶಸ್ತಿ ಜಪಾನಿನ ಚಿಕುರಿನ್ ಪಾಲಾಯಿತು. ಬೇ ಅವರ ಪರವಾಗಿ ವಾದಿಸುವವರ ಕೈಯಲ್ಲೂ ಗಟ್ಟಿ ಪುರಾವೆಯಿದೆ. 2022ರ ಇವೋದಲ್ಲಿ, ಬೆರಳಿನ ವೇಗ ಇಳಿಯುತ್ತದೆಂದು ಎಲ್ಲರೂ ಹೇಳುವ 35ರ ಗಡಿ ದಾಟಿದ ಮೇಲೆ, ಅವರು ಟೆಕ್ಕನ್ 7ರ ಚಾಂಪಿಯನ್ ಆದರು. ಎಷ್ಟೋ ಆವೃತ್ತಿಗಳು ಬಂದು ಹೋದವು, ಪಾತ್ರಗಳು ಬದಲಾದವು, ಆರ್ಕೇಡ್‌ಗಳೇ ಮುಚ್ಚಿದವು. ಬೇ ಎಂದೂ ಮೇಲಿನ ಸಾಲಿನಿಂದ ಇಳಿಯಲಿಲ್ಲ. ಇಷ್ಟು ದೀರ್ಘಕಾಲ ಈ ಎತ್ತರದಲ್ಲಿ ನಿಂತವರು ಟೆಕ್ಕನ್‌ನಲ್ಲಿ ಬೇರಿಲ್ಲ.

ಉಳಿದ ಕೊರಿಯನ್ನರ ವಿಚಾರದಲ್ಲಿ ಪಟ್ಟಿ ಕಟ್ಟುವವರ ಕೈ ನಡುಗುತ್ತದೆ. 2017ರ ಇವೋ ಗೆದ್ದ ಜೆಡಿಸಿಆರ್, ಫೈನಲ್‌ನಲ್ಲಿ ತಮ್ಮದೇ ತಂಡದ ಸೇಂಟ್ ಅವರನ್ನು ಸೋಲಿಸಿದರು. ಅವರ ಆಟದಲ್ಲಿ ಅನಗತ್ಯವಾದ ಒಂದು ಬಟನ್ ಕೂಡ ಇರುತ್ತಿರಲಿಲ್ಲ, ಅಷ್ಟು ಶುದ್ಧ. ಅದೇ ವರ್ಷದ ಟೂರ್ ಫೈನಲ್ಸ್ ಗೆದ್ದ ಕುಡಾನ್ಸ್, ಡೆವಿಲ್ ಜಿನ್ ಎಂಬ ಕಷ್ಟದ ಪಾತ್ರಕ್ಕೆ ಜೀವ ತೇಯ್ದವರು. 2018ರ ಇವೋ ಲೋಹೈ ಅವರದು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್‌ನ ಟೂರ್ ಫೈನಲ್ಸ್‌ನಲ್ಲಿ ರಂಗ್‌ಚು ಗೆದ್ದದ್ದು ಪಾಂಡಾ ಕರಡಿಯನ್ನು ಹಿಡಿದು. ದೊಡ್ಡ ಪಂದ್ಯಗಳಿಗೆ ಯಾರೂ ಆರಿಸದ, ತಮಾಷೆಗೆಂದು ಬಿಟ್ಟಿದ್ದ ಪಾತ್ರ ಅದು. ಇವರ ನಡುವೆ ಮೇಲು ಕೀಳು ಹೇಳಲು ಒಂದೇ ಒಂದು ವರ್ಷದ ಗೆಲುವು ಸಾಲದು. ಆದರೂ ಮೂರನೆಯ ಸ್ಥಾನಕ್ಕೆ ಜೆಡಿಸಿಆರ್ ಅವರನ್ನು ಬರೆಯಲೇಬೇಕು. ಅವರಿಂದ ರಕ್ಷಣೆ ಕಲಿತವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಒಂದನೆಯ ಸ್ಥಾನದ ವಾದ ತೀರ್ಮಾನವಾದದ್ದು 2023ರ ನಂತರ. ಆ ವರ್ಷ ಅರ್ಸಲಾನ್ ಮತ್ತೆ ಇವೋ ಜಪಾನ್ ಗೆದ್ದರು, ಆಮೇಲೆ ಲಾಸ್ ವೇಗಸ್ ಇವೋವನ್ನೂ ಗೆದ್ದರು. 2024ರ ಜನವರಿಯಲ್ಲಿ ಟೆಕ್ಕನ್ 8 ಬಂತು. ಹಿಂದೆ ಸರಿದು ಕಾಯುವವರಿಗೆ ಇದು ಹೇಳಿ ಮಾಡಿಸಿದ ಆಟವಲ್ಲ. ‘ಹೀಟ್’ ಎಂಬ ಹೊಸ ವ್ಯವಸ್ಥೆ ಮುನ್ನುಗ್ಗುವವರಿಗೆ ಬಲ ಕೊಡುತ್ತದೆ, ತಡೆದ ಪೆಟ್ಟು ಕೂಡ ಆಗ ಶಕ್ತಿಯನ್ನು ಕೆರೆಯುತ್ತದೆ. ಕಜುಮಿ ಪಾತ್ರವನ್ನೇ ಕೈಬಿಟ್ಟಿದ್ದರು. 2025ರ ಏಪ್ರಿಲ್‌ನ ಬದಲಾವಣೆಗಳು ದಾಳಿಯನ್ನು ಇನ್ನಷ್ಟು ಹೆಚ್ಚಿಸಿದಾಗ ಅನೇಕ ವೃತ್ತಿಪರರು ಬಹಿರಂಗವಾಗಿ ಸಿಟ್ಟಾದರು. ಅರ್ಸಲಾನ್ ಅವರ ಹಳೆಯ ಆಯುಧಗಳಲ್ಲಿ ಅರ್ಧ ಹೀಗೆ ಮೊಂಡಾದವು. ಆದರೂ ಅವರು 2024ರಲ್ಲಿ ಗೆದ್ದರು, 2025ರಲ್ಲೂ ಗೆದ್ದರು. ಲಾಸ್ ವೇಗಸ್‌ನಲ್ಲಿ ಸತತ ಮೂರು ವರ್ಷ, ಅದೂ ಎರಡು ಬೇರೆ ಬೇರೆ ಆಟಗಳಲ್ಲಿ. ಆವೃತ್ತಿ ಬದಲಾದಾಗ ಕುಸಿಯುವುದು ಈ ಲೋಕದ ಚಾಂಪಿಯನ್ನರ ಸಾಮಾನ್ಯ ಕಥೆ. ಅರ್ಸಲಾನ್ ಕುಸಿಯಲಿಲ್ಲ ಎಂಬ ಒಂದೇ ಕಾರಣಕ್ಕೆ ಅವರು ಬೇ ಅವರಿಗಿಂತ ಅರ್ಧ ಹೆಜ್ಜೆ ಮುಂದೆ ನಿಲ್ಲುತ್ತಾರೆ. ಮೊದಲ ಸ್ಥಾನ ಅರ್ಸಲಾನ್, ಎರಡನೆಯದು ಬೇ. ಬೇ ಅಭಿಮಾನಿಗಳು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ನಾಲ್ಕನೆಯ ಸ್ಥಾನಕ್ಕೆ ಎರಡು ಹೆಸರುಗಳು ತೂಗುತ್ತಿವೆ. ಒಂದು ಉಲ್ಸಾನ್. 2024ರಲ್ಲಿ ರಿಯಾದ್‌ನ ಇ-ಸ್ಪೋರ್ಟ್ಸ್ ವಿಶ್ವಕಪ್‌ನಲ್ಲಿ ಟೆಕ್ಕನ್ 8 ಗೆದ್ದ ಕೊರಿಯನ್, ದಾಳಿಗಿಳಿದರೆ ಎದುರಾಳಿಗೆ ಉಸಿರಾಡಲು ಬಿಡದವರು. ಇನ್ನೊಂದು ಆತಿಫ್ ಬಟ್. 2023ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ 2022ರ ಟೂರ್ ಫೈನಲ್ಸ್ ಗೆದ್ದ ಪಾಕಿಸ್ತಾನಿ. ಫುಕುವೊಕಾದಲ್ಲಿ ಅರ್ಸಲಾನ್ ಹೇಳಿದ್ದು ಇಂಥವರ ಬಗ್ಗೆಯೇ. ಈಗಲೂ ವೀಸಾ ಸಿಗದೆ ಪಂದ್ಯ ತಪ್ಪಿಸಿಕೊಂಡ ಪಾಕಿಸ್ತಾನಿ ಆಟಗಾರರ ಸುದ್ದಿ ಪದೇಪದೇ ಬರುತ್ತದೆ. ಹಾಗಾಗಿ ಈ ಅಂಕಣದ ಪಟ್ಟಿಯಲ್ಲೂ ಐದರ ನಂತರ ಜಾಗ ಖಾಲಿ ಬಿಟ್ಟಿದೆ.

2025ರ ಆಗಸ್ಟಿನಲ್ಲಿ ಲಾಸ್ ವೇಗಸ್‌ನ ಇವೋ ವೇದಿಕೆಯಲ್ಲಿ ಟೆಕ್ಕನ್ 8ರ ಫೈನಲ್‌ಗೆ ಎರಡು ಕುರ್ಚಿ ಹಾಕಿದಾಗ ಒಂದರಲ್ಲಿ ಅರ್ಸಲಾನ್ ಕುಳಿತರು, ಇನ್ನೊಂದರಲ್ಲಿ ಆತಿಫ್.