ರಕ್ಕಸ-ತಂಗಡಿಯ ಕದನ: ಕಾರಣವಿಚಾರದ ಒಂದು ವಿಮರ್ಶೆ

1565ರ ಜನವರಿಯಲ್ಲಿ ನಡೆದ ರಕ್ಕಸ-ತಂಗಡಿಯ ಕದನವನ್ನು ಕುರಿತು ನಮ್ಮ ತರಗತಿಗಳಲ್ಲಿ ಇಂದಿಗೂ ನಡೆಯುವ ಪಾಠವು ರಾಬರ್ಟ್ ಸಿವೆಲ್ಲರು 1900ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಬಹುಮಟ್ಟಿಗೆ ಋಣಿಯಾಗಿದೆ. ವಿಜಯನಗರವನ್ನು ಮರೆವಿನಿಂದ ಮೇಲೆತ್ತಿದ ಆ ಗ್ರಂಥದ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕದನದ ಕಾರಣವನ್ನು ಹೇಳುವೆಡೆಯಲ್ಲಿ ಅವರು ಫೆರಿಶ್ತನನ್ನು ಅತಿಯಾಗಿ ನಂಬಿದರೆಂಬುದು ನಮ್ಮ ಆಕ್ಷೇಪ. ಅಳಿಯ ರಾಮರಾಯನ ದರ್ಪ, ಅಹಮದನಗರದ ದಂಡಯಾತ್ರೆಯಲ್ಲಿ ಮಸೀದಿಗಳಿಗಾದ ಅವಮಾನ, ಅದರಿಂದ ಕೆರಳಿದ ಸುಲ್ತಾನರ ಒಕ್ಕೂಟ: ಇದು ಫೆರಿಶ್ತನ ಕಥನ. ಆತನು ಬರೆದುದು ಸುಮಾರು ನಾಲ್ಕು ದಶಕಗಳ ತರುವಾಯ, ಬಿಜಾಪುರದ ಆಶ್ರಯದಲ್ಲಿ. ಅಲಿ ಆದಿಲಶಾಹನು ನಿನ್ನೆಯ ಮಿತ್ರನ ಮೇಲೆ ತಿರುಗಿಬಿದ್ದುದಕ್ಕೆ ಆ ಆಸ್ಥಾನಕ್ಕೆ ಗೌರವದ ಕಾರಣವೊಂದು ಬೇಕಾಗಿದ್ದಿತು.

ಮಿತ್ರನೆಂದುದು ಉತ್ಪ್ರೇಕ್ಷೆಯಲ್ಲ. ಅಲಿಯು ತಾನೇ ವಿಜಯನಗರಕ್ಕೆ ಬಂದು ರಾಮರಾಯನ ನೆರವು ಬೇಡಿದ್ದನು. ಗೋಲ್ಕೊಂಡದ ಇಬ್ರಾಹೀಂ ಕುತುಬಶಾಹನು ಪಟ್ಟವೇರುವ ಮೊದಲು ಏಳು ವರ್ಷ ಅಲ್ಲಿಯೇ ಆಶ್ರಿತನಾಗಿದ್ದನು. ಉತ್ತರದವರು ಒಂದುಗೂಡಿದರೆ ತನಗೆ ಉಳಿವಿಲ್ಲವೆಂದು ರಾಮರಾಯನು ಒಬ್ಬನನ್ನು ಮತ್ತೊಬ್ಬನ ಮೇಲೆ ಎತ್ತಿಕಟ್ಟಿದನು. ಮುಂದಿನ ದಂಡು ತನ್ನ ಮೇಲೆಯೇ ಎಂದು ಪ್ರತಿಯೊಬ್ಬ ಸುಲ್ತಾನನೂ ಬೆದರಿದನು. ತಡೆಯಬೇಕೆಂದಿದ್ದ ಒಕ್ಕೂಟವನ್ನು ಆ ಮುನ್ನೆಚ್ಚರಿಕೆಯೇ ಹುಟ್ಟಿಸಿತು. 1949ರ ನ್ಯಾಟೋ, 1955ರ ವಾರ್ಸಾ ಒಪ್ಪಂದಗಳೆರಡೂ ತಮ್ಮನ್ನು ರಕ್ಷಣೆಯ ಕೂಟಗಳೆಂದೇ ಕರೆದುಕೊಂಡು, ಎದುರಾಳಿಗೆ ದಾಳಿಯ ಸಿದ್ಧತೆಯಾಗಿ ಕಂಡುದನ್ನು ಓದಿದ ವಿದ್ಯಾರ್ಥಿಗೆ ಈ ತರ್ಕವು ಹೊಸದಲ್ಲ.

ಫೆರಿಶ್ತನ ಪುಟಗಳೇ ಇದಕ್ಕೆ ಸಾಕ್ಷಿ. ಯುದ್ಧಕ್ಕೆ ಮುನ್ನ ಬಿಜಾಪುರದ ರಾಯಭಾರಿಯು ಕೇಳಿದುದು ರಾಯಚೂರು, ಮುದಗಲ್ಲು ಮೊದಲಾದ ಎಡೆಗಳನ್ನು. ಇಳಕಲ್ಲಿನಿಂದ ಪೂರ್ವಕ್ಕೆ ಒಂದು ದಿನದ ನಡಿಗೆಯಷ್ಟು ದೂರದಲ್ಲಿರುವ ಮುದಗಲ್ಲಿನ ಕೋಟೆಯನ್ನು ಕಂಡವರಿಗೆ, ಎರಡೂ ಕಡೆಯವರು ಅದನ್ನು ಏಕೆ ಬಿಡಲೊಲ್ಲರೆಂಬುದನ್ನು ವಿವರಿಸಬೇಕಾಗಿಲ್ಲ. ಇನ್ನು ಒಕ್ಕೂಟದ ಬಗೆ: ಅಹಮದನಗರದ ಚಾಂದಬೀಬಿಯನ್ನು ಸೊಲ್ಲಾಪುರದ ಕೋಟೆಯೊಡನೆ ಅಲಿಗೆ ಕೊಟ್ಟರು, ಅಲಿಯ ತಂಗಿಯನ್ನು ಅಹಮದನಗರದ ರಾಜಕುಮಾರ ಮುರ್ತಜಾನಿಗೆ ತಂದುಕೊಂಡರು. ನಂಬಿಕೆಯಿದ್ದಲ್ಲಿ ಇಂತಹ ಒತ್ತೆಗಳು ಬೇಕಿರಲಿಲ್ಲ. ಬೀರಾರವು ಕೂಟವನ್ನು ಸೇರಲೇ ಇಲ್ಲ. ರಾಮರಾಯನ ಸೈನ್ಯದಲ್ಲಿಯೂ ಮುಸಲ್ಮಾನ ಯೋಧರಿದ್ದರು. ಇವೆರಡನ್ನೂ ಧರ್ಮಯುದ್ಧದ ವಾದವು ನುಂಗಿಕೊಳ್ಳಲಾರದು.

ಭೀತಿಯು ಕದನವನ್ನು ವಿವರಿಸುತ್ತದೆಯೇ ಹೊರತು ಹಂಪೆಯ ತಿಂಗಳುಗಟ್ಟಲೆಯ ಸುಲಿಗೆಯನ್ನಲ್ಲ. ಅದಕ್ಕೆ ಬೇರೆ ಕಾರಣಗಳನ್ನೇ ಅರಸಬೇಕು. ಆದರೆ ತರುವಾಯ ನಡೆದುದನ್ನು ಪಠ್ಯಗಳು ಹೇಳದೆ ಬಿಡುವುದೇಕೋ ನಮಗೆ ತಿಳಿಯದು. ಕೆಲವೇ ವರ್ಷಗಳಲ್ಲಿ ಅಲಿಯು ಪೆನುಗೊಂಡೆಯತ್ತ ದಂಡೆತ್ತಿದಾಗ ರಾಮರಾಯನ ತಮ್ಮ ತಿರುಮಲನು ನೆರವು ಬೇಡಿದುದು ಅಹಮದನಗರವನ್ನು. ಅಲ್ಲಿಯ ದಂಡು ಬಿಜಾಪುರದ ಮೇಲೆ ಏರಿಬಂದಿತು, ಅಲಿಯು ಹಿಂದಿರುಗಿದನು.