ಕವಲು ಮತ್ತು ಕೂಡಲು: ಕಥಾಕ್ರೀಡೆಗಳಲ್ಲಿ ಆಟಗಾರನ ಆಯ್ಕೆ

ನಂಜನಗೂಡನ್ನು ಹಾದು ಹರಿಯುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಸಂಗಮದ ಕೆಳಗೆ ಒಂದು ಬೊಗಸೆ ನೀರು ಮೊಗೆದು, ಇದರಲ್ಲಿ ಕಪಿಲೆಯ ಪಾಲೆಷ್ಟೆಂದು ಕೇಳಿದರೆ ಹೇಳಬಲ್ಲವರಿಲ್ಲ. ಕಂಪ್ಯೂಟರಿನಲ್ಲಿ ಆಡುವ ಕಥಾಕ್ರೀಡೆಗಳ ಬಗ್ಗೆ ಈ ಎರಡು ಊರುಗಳ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಗಳು ಎತ್ತುವ ಆಕ್ಷೇಪವೂ ಇಂಥದೇ. ಆಯ್ಕೆ ನಿನ್ನದೆಂದು ಆಟವು ಮೊದಲೇ ಸಾರುತ್ತದೆ. ಕಥೆ ಕವಲೊಡೆದಂತೆಯೂ ತೋರುತ್ತದೆ. ಸ್ವಲ್ಪ ದೂರ ಸಾಗುವುದರೊಳಗೆ ಕವಲುಗಳೆಲ್ಲ ಮರಳಿ ಒಂದೇ ಪಾತ್ರಕ್ಕೆ ಬೀಳುತ್ತವೆ.

ಕೂಡಿಕೊಳ್ಳುವುದು ಅನಿವಾರ್ಯವೆಂಬುದನ್ನು ಮೊದಲು ಒಪ್ಪಬೇಕು. ಪ್ರತಿ ತೀರ್ಮಾನಕ್ಕೆ ಎರಡು ದಾರಿಯೆಂದರೂ ಹತ್ತು ತೀರ್ಮಾನಗಳಿಗೆ 1,024 ಕಥೆಗಳು ಬೇಕು. ಅಷ್ಟನ್ನು ಬರೆಯುವ ಕವಿ ಇನ್ನೂ ಹುಟ್ಟಿಲ್ಲ.

ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಹಾಸಿನ ಆಟಗಳಿಗೆ ಸ್ಥಾನ ದೊರೆತಿದೆ. ಆಟವನ್ನು ಶಾಸ್ತ್ರವೆಂದು ಗಣಿಸಿದ ನಾಡಿನಲ್ಲಿ ಈ ಪ್ರಶ್ನೆಗೆ ಅಳತೆಗೋಲು ಹೊರಗಿನಿಂದ ಬರಬೇಕಾಗಿಲ್ಲ. ಪರಮಪದ ಸೋಪಾನಪಟದಲ್ಲಿ ಆಟಗಾರನ ಆಯ್ಕೆಗೆ ಎಡೆಯೇ ಇಲ್ಲ. ಬಿದ್ದ ಗರವೇ ಅವನನ್ನು ಏಣಿಗೆ ಏರಿಸುತ್ತದೆ ಇಲ್ಲವೆ ಹಾವಿನ ಬಾಯಿಗೆ ನೂಕುತ್ತದೆ. ಪಗಡೆಯಲ್ಲಿ ಗರ ದೈವದ್ದಾದರೂ ಯಾವ ಕಾಯನ್ನು ನಡೆಸುವುದೆಂಬುದು ಆಡುವವನದು. ತಪ್ಪಿ ನಡೆಸಿದರೆ ಎದುರಾಳಿ ಒಡನೆಯೇ ಹೊಡೆಯುತ್ತಾನೆ. ಕಥಾಕ್ರೀಡೆಯ ಎದುರಾಳಿಯಾದ ಲೇಖಕನೋ ಎಲ್ಲವನ್ನೂ ಬರೆದಿಟ್ಟು ಎದ್ದುಹೋಗಿದ್ದಾನೆ. ಅವನ ಸ್ಥಾನವನ್ನು ತುಂಬಬಲ್ಲುದು ಕಥೆಯ ಜ್ಞಾಪಕಶಕ್ತಿಯೊಂದೇ ಎಂಬುದು ನಮ್ಮ ಅಭಿಮತ.

2012ರಲ್ಲಿ ಬಂದ ‘ದಿ ವಾಕಿಂಗ್ ಡೆಡ್’ ಆಟದ ನಾಯಕ ಲೀಯ ಅಂತ್ಯವು ಯಾವ ದಾರಿಯಲ್ಲಿ ಬಂದರೂ ತಪ್ಪದು. ಆದರೆ ಕೊನೆಯ ಭಾಗದಲ್ಲಿ ಅಪರಿಚಿತನೊಬ್ಬನು ಅವನನ್ನು ಎದುರಿಗೆ ಕೂರಿಸಿಕೊಂಡು ಹಿಂದೆ ಎಸಗಿದುದಕ್ಕೆಲ್ಲ ಲೆಕ್ಕ ಕೇಳುತ್ತಾನೆ. ಆಡಿದವನು ಅಲ್ಲಿ ತನ್ನ ಕೃತ್ಯಗಳಿಗೇ ಉತ್ತರ ಕೊಡಬೇಕು. ಅದೇ ವರ್ಷದ ‘ಮಾಸ್ ಎಫೆಕ್ಟ್ 3’ರ ಗತಿ ಬೇರೆ. ಮೊದಲನೆಯ ಆಟದಲ್ಲಿ ಬಲಿಕೊಟ್ಟ ಸಹಚರನು ಮೂರನೆಯದರಲ್ಲಿ ಬದುಕಿ ಬರುವುದಿಲ್ಲ. ಅಷ್ಟು ನಿಷ್ಠೆಯಿಂದ ನೆನಪಿಟ್ಟುಕೊಂಡು ಬಂದ ಕಥೆಯ ಮುಕ್ತಾಯಗಳು ಬೆಳಕಿನ ಬಣ್ಣದಲ್ಲಿ ಮಾತ್ರ ಭಿನ್ನವಾಗಿ ತೋರಿದುವು. ಆಟಗಾರರು ಕೆರಳಿದರು. ತಯಾರಕರು ಕೆಲವೇ ತಿಂಗಳಲ್ಲಿ ಮುಕ್ತಾಯವನ್ನು ವಿಸ್ತರಿಸಬೇಕಾಯಿತು. ಆ ಕೋಪವನ್ನು ಹುಡುಗಾಟವೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ.

ಫಲ ಬದಲಾಗದಿದ್ದರೆ ಆಯ್ಕೆಯೇ ಸುಳ್ಳೆಂಬ ವಾದವನ್ನು ಇತಿಹಾಸದ ಅಧ್ಯಾಪಕರಾದ ನಾವು ಒಪ್ಪುವುದು ಕಷ್ಟ. ಮುಮ್ಮಡಿಯವರ ಕೈಯಿಂದ ಆಂಗ್ಲರು 1831ರಲ್ಲಿ ಆಡಳಿತವನ್ನು ಕಿತ್ತುಕೊಂಡರು. ಮತ್ತೆ ಮತ್ತೆ ಬೇಡಿದರೂ 1868ರಲ್ಲಿ ಅವರು ತೀರಿಕೊಳ್ಳುವವರೆಗೆ ಅದು ಮರಳಲಿಲ್ಲ. ಅವರ ಮಟ್ಟಿಗೆ ಕಥೆಯ ಅಂತ್ಯ ಬೇರೆಯವರ ಕೈಯಲ್ಲಿತ್ತು. ನಂಜನಗೂಡಿನ ಶ್ರೀಕಂಠೇಶ್ವರನ ಮಹಾದ್ವಾರದ ಗೋಪುರ ಎದ್ದದ್ದು ಆ ಅಧಿಕಾರವಿಲ್ಲದ ದಿನಗಳಲ್ಲಿ, 1845ರಲ್ಲಿ. 1865ರಲ್ಲಿ ಅವರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1881ರಲ್ಲಿ ರಾಜ್ಯವು ಮರಳಿದ್ದು ಆ ದತ್ತುಪುತ್ರನಿಗೆ. 1868ರಲ್ಲಿ ಪುಸ್ತಕ ಮುಚ್ಚಿದವನಿಗೆ ದತ್ತುಸ್ವೀಕಾರವು ನಿಷ್ಫಲವೆಂದೇ ಕಂಡೀತು. ಜೀವನದಲ್ಲಿ ಹೀಗೆ ಮುಂದಿನ ಪುಟಗಳುಂಟು. ಆಟಕ್ಕೆ ಆ ಅನುಕೂಲವಿಲ್ಲವಾದುದರಿಂದ, ಲೆಕ್ಕವನ್ನು ಅದು ತನ್ನೊಳಗೇ ಒಪ್ಪಿಸಬೇಕು.

ವಿದ್ಯಾರ್ಥಿಗಳ ಪಕ್ಷಕ್ಕೆ ಒಂದು ಅಂಶವನ್ನು ಬಿಟ್ಟುಕೊಡಲೇಬೇಕು. ‘ವಾಕಿಂಗ್ ಡೆಡ್’ನ ಮೊದಲ ಭಾಗದಲ್ಲಿ ಕಾರ್ಲಿ, ಡಗ್ ಎಂಬಿಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಲು ಅವಕಾಶವುಂಟು. ಯೋಚಿಸಲು ದೊರೆಯುವುದು ಕ್ಷಣಕಾಲ. ಯಾರನ್ನುಳಿಸಿದರೂ ಮೂರನೆಯ ಭಾಗದಲ್ಲಿ ಅವರಿಗೆ ಗುಂಡೇಟಿನ ಸಾವು. ಬದುಕಿದ್ದ ಅಷ್ಟು ಹೊತ್ತಿನಲ್ಲಿಯೂ ಇವರಿಂದ ಕಥೆಯ ನಡೆ ಅಷ್ಟಾಗಿ ಬದಲಾಗದು. ಲೇಖಕರಿಗೆ ಇಲ್ಲಿ ಬೇಕಾಗಿದ್ದುದು ಒಂದು ಸ್ಥಾನವನ್ನು ತೆರವು ಮಾಡುವುದಷ್ಟೇ ಎಂಬ ಸಂದೇಹ ನಮ್ಮನ್ನೂ ಬಿಟ್ಟಿಲ್ಲ.