ಕಸಬು ಕಾಣದ ಕವಿತೆ

ಹಡಪದಪ್ಪಣ್ಣನ ವಚನಗಳನ್ನು ಓದಿದವರು ಸಾಮಾನ್ಯವಾಗಿ ಒಂದು ಆಕ್ಷೇಪಣೆಯನ್ನೆತ್ತುತ್ತಾರೆ. ಅಂಬಿಗರ ಚೌಡಯ್ಯನಲ್ಲಿ ದೋಣಿಯಿದೆ, ಹೊಳೆಯಿದೆ. ಕನ್ನಡಿ ಕಾಯಕದ ಅಮ್ಮಿದೇವಯ್ಯನ ಹೆಸರಿನಲ್ಲಿಯೇ ಕಸಬಿನ ಕನ್ನಡಿಯಿದೆ. ಅಪ್ಪಣ್ಣನಲ್ಲಿಯಾದರೋ ಕಸಬಿನ ಚಿತ್ರ ಬಲು ವಿರಳ, ಉಳಿದುದೆಲ್ಲ ಷಟ್‌ಸ್ಥಲದ ಪರಿಭಾಷೆ. ಆದುದರಿಂದ ಇದು ಬದುಕಿನ ಕಾವು ತಾಕದ ಒಣ ತತ್ತ್ವ ಎಂದು. ಈ ತೀರ್ಪನ್ನು ಸಭೆಗಳಲ್ಲಿ ಕೇಳಿ ಕೇಳಿ ನಾವೂ ಬಹುಕಾಲ ನಂಬಿದ್ದೆವು. ಈಗ ನಂಬುವುದಿಲ್ಲ.

ನಮ್ಮ ಮನಸ್ಸನ್ನು ತಿರುಗಿಸಿದುದು ಸಿಖ್ಖರ ಗ್ರಂಥ. ದೂರದ ಮಾತೆನಿಸೀತು, ಕೊಲ್ಹಾಪುರದ ಸೀಮೆಯವರಿಗೆ ಅಷ್ಟೇನೂ ದೂರವಲ್ಲ. ನಗರದ ಮಗ್ಗುಲಿನ ವಳಿವಡೆಯ ಬಯಲಿನಲ್ಲಿ 1943ರಿಂದ 1948ರವರೆಗೆ ಪೋಲೆಂಡಿನ ನಿರಾಶ್ರಿತರ ಶಿಬಿರವಿತ್ತು. ಅವರು ತೆರಳಿದ ಮೇಲೆ, ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡ ಸಿಂಧಿಗಳು ಅಲ್ಲಿ ನೆಲಸಿದರು. ಅದೇ ಇಂದಿನ ಗಾಂಧಿನಗರ. ಸಿಂಧಿಗಳಲ್ಲಿ ಅನೇಕರು ಕೇಶಧಾರಿಗಳಲ್ಲ, ಆದರೆ ಗುರು ನಾನಕರ ಭಕ್ತರು. ಇಚಲಕರಂಜಿಯಿಂದಲೋ ಗಡಹಿಂಗ್ಲಜದಿಂದಲೋ ಮದುವೆಯ ಜವಳಿಗೆಂದು ಅಲ್ಲಿಗೆ ಹೋಗುವ ನಮ್ಮ ಜನ ಅಂಗಡಿಯ ಗೋಡೆಯ ಮೇಲೆ ನಾನಕರ ಪಟವನ್ನು ಕಂಡಿರುತ್ತಾರೆ. ಸೀರೆಯ ದರವನ್ನು ಚೌಕಾಸಿ ಮಾಡಿದಷ್ಟು ಆಸ್ಥೆಯಿಂದ ಆ ಪಟದ ವಿಷಯ ಕೇಳಿದವರು ವಿರಳ. ನಾವೂ ಕೇಳಿರಲಿಲ್ಲ.

ಗುರು ಅರ್ಜನರು 1604ರಲ್ಲಿ ಸಿದ್ಧಪಡಿಸಿ ಅಮೃತಸರದ ಹರಿಮಂದಿರದಲ್ಲಿ ಸ್ಥಾಪಿಸಿದ ಆ ಗ್ರಂಥ ಗುರುಗಳ ವಾಣಿ ಮಾತ್ರವಲ್ಲ. ನೇಕಾರ ಕಬೀರ, ಚಮ್ಮಾರ ರವಿದಾಸ, ಸೂಫಿ ಫರೀದರು ಅಲ್ಲಿದ್ದಾರೆ. ಪಂಢರಪುರದ ವಿಠ್ಠಲನ ಭಕ್ತನಾದ ಸಿಂಪಿಗ ನಾಮದೇವನ 61 ಪದಗಳಿವೆ. ಪದಗಳನ್ನು ಜೋಡಿಸಿದುದು ಜಾತಿಯಿಂದಲ್ಲ, ಕಾಲದಿಂದಲೂ ಅಲ್ಲ, ಮುಖ್ಯವಾಗಿ ರಾಗದಿಂದ. ಈ ಒಂದು ಏರ್ಪಾಡಿನಲ್ಲಿ ಎಂಥ ವಿಮರ್ಶೆ ಅಡಗಿದೆಯೆಂಬುದು ಸೈಣನ ಪದಕ್ಕೆ ಬಂದಾಗ ತಿಳಿಯುತ್ತದೆ.

ಸೈಣನು ಕ್ಷೌರಿಕ. ಮರಾಠಿಯ ವಾರಕರಿಗಳು ಹಾಡುವ ಸೇನಾ ನ್ಹಾವಿ ಇವನೇ ಎಂದು ಹಲವರು ಹೇಳುತ್ತಾರೆ. ಒಂದು ಸಂಪ್ರದಾಯ ಅವನನ್ನು ಬೀದರದ ಅರಸನ ಸೇವಕನೆಂದರೆ, ಇನ್ನೊಂದು ಬಾಂಧವಗಢದವನು, ರಾಮಾನಂದರ ಶಿಷ್ಯನು ಎನ್ನುತ್ತದೆ. ಈ ಜಗಳ ಪಂಡಿತರಿಗಿರಲಿ. ನಮಗೆ ಬೇಕಾದುದು ಇಷ್ಟು: ಸೇನಾನ ಹೆಸರಿನ ಮರಾಠಿ ಅಭಂಗಗಳಲ್ಲಿ ಕ್ಷೌರದ ಸಲಕರಣೆಗಳೇ ಅಧ್ಯಾತ್ಮದ ರೂಪಕಗಳಾಗಿವೆ, ಜನ ಮೆಚ್ಚಿ ಹಾಡುವುದೂ ಅವನ್ನೇ. ಗ್ರಂಥದಲ್ಲಿರುವುದಾದರೋ ಸೈಣನ ಒಂದೇ ಪದ, ಧನಾಸರಿ ರಾಗದ್ದು. ಅದು ಆರತಿಯ ಪದ. ಅಲ್ಲಿ ದೀಪವಿದೆ, ತುಪ್ಪವಿದೆ, ಕತ್ತಿಯಿಲ್ಲ. ನಾನಕರ ಆರತಿಯೂ ಅದೇ ಧನಾಸರಿಯಲ್ಲಿದೆ. ಕ್ಷೌರಿಕನೂ ಗುರುವೂ ಒಂದೇ ರಾಗದಲ್ಲಿ ಆರತಿಯೆತ್ತುವಾಗ, ಇವನು ತನ್ನ ಕತ್ತಿಯನ್ನೇಕೆ ತೋರಿಸಲಿಲ್ಲವೆಂದು ಕೇಳಲು ನಾಲಗೆ ಏಳುವುದೇ? ಹಾಗೆಂದು ಗ್ರಂಥವು ಕಸಬಿನ ಮಾತನ್ನು ತಳ್ಳಿಹಾಕಿಲ್ಲ. ರವಿದಾಸನು ತನ್ನ ಜಾತಿಯನ್ನು ಎದೆಯೆತ್ತಿ ಹೇಳುತ್ತಾನೆ. ಹೇಳುವವನಿಗೂ ಸ್ಥಳವಿದೆ, ಹೇಳದವನಿಗೂ ಇದೆ.

ಇನ್ನು ಒಂದು ಶತಮಾನ ಮುಂದೆ ಬರೋಣ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರೆಂದು ಕೇಳಿದಾಗ ಒಬ್ಬೊಬ್ಬರಾಗಿ ಎದ್ದುನಿಂತ ಐವರಲ್ಲಿ ಒಬ್ಬನು ಬೀದರದ ಕ್ಷೌರಿಕ ಸಾಹಿಬ್ ಚಂದ್ ಎಂದು ಸಿಖ್ ಸಂಪ್ರದಾಯ ಹೇಳುತ್ತದೆ. ಅಂದಿನಿಂದ ಅವನು ಸಾಹಿಬ್ ಸಿಂಗ್. ಕೇಶಕ್ಕೆ ಕತ್ತಿ ತಾಕಿಸದಿರುವುದು ಖಾಲ್ಸಾದ ವ್ರತ. ಕ್ಷೌರಿಕನೊಬ್ಬನಿಗೆ ಆ ವ್ರತದ ಅರ್ಥವೇನೆಂಬುದನ್ನು ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ತಲೆ ಕೊಡುವ ಮೊದಲು ಅವನು ಅನ್ನ ಕೊಟ್ಟ ಕಸಬನ್ನು ಕೊಟ್ಟನು. ಆ ಐವರಿಗೆ ಅಮೃತವಿತ್ತ ಗುರು ಬಳಿಕ ಅವರ ಕೈಯಿಂದಲೇ ತಾನು ಅಮೃತ ಪಡೆದರು. ನಿನ್ನೆ ಯಾರ ಕೈ ಸೋಕಿದರೆ ಸ್ನಾನ ಮಾಡುತ್ತಿದ್ದರೋ ಆ ಕೈ ಇಂದು ಗುರುವಿಗೆ ದೀಕ್ಷೆಯಿತ್ತಿತು. ಕೆಲವು ವರ್ಷಗಳಲ್ಲಿಯೇ ಸಾಹಿಬ್ ಸಿಂಗನು ಚಮಕೌರದ ಕಾಳಗದಲ್ಲಿ ಮಡಿದನು. ಪಂಜಾಬದಲ್ಲಿ ಪ್ರಾರ್ಥನೆಯ ಹೊತ್ತಿಗೆ ಐವರು ಪ್ಯಾರೆಗಳನ್ನು ನೆನೆಯುವವರು ಅವನನ್ನೂ ನೆನೆಯುತ್ತಾರೆ. ಕನ್ನಡದ ನಾವು ಬೀದರವೆಂದರೆ ಬಿದರಿ ಕೆಲಸವನ್ನೂ ಬಹಮನಿ ಕೋಟೆಯನ್ನೂ ನೆನೆಯುತ್ತೇವೆ, ಬಹಳವಾದರೆ ನಾನಕ ಝೀರಾದ ಸಿಹಿನೀರನ್ನು. ಅದೇ ಊರಿನಲ್ಲಿ 1988ರಲ್ಲಿ ಸಿಖ್ ವಿದ್ಯಾರ್ಥಿಗಳು ಹತರಾದರು. ಅವರನ್ನು ಪರಕೀಯರೆಂದು ಬಗೆದವರಿಗೆ ಸಾಹಿಬ್ ಸಿಂಗನ ಹೆಸರು ಗೊತ್ತಿತ್ತೇ?

ಈಗ ಅಪ್ಪಣ್ಣನಿಗೆ ಹಿಂದಿರುಗೋಣ. ಅವನ ಕಲ್ಯಾಣವೂ ಇಂದಿನ ಬೀದರ ಜಿಲ್ಲೆಯಲ್ಲಿಯೇ ಇದೆ. ಹಡಪವೆಂದರೆ ಎಲೆಯಡಿಕೆಯ ಚೀಲ, ಕ್ಷೌರಿಕನ ಚೀಲವೂ ಹಡಪವೇ. ಪಂಡಿತರು ಮೊದಲ ಅರ್ಥವನ್ನು ಹಿಡಿದರೆ, ಹಡಪದ ಸಮಾಜ ಎರಡನೆಯದನ್ನು ಹಿಡಿದು ಅಪ್ಪಣ್ಣನನ್ನು ತಮ್ಮ ಹಿರಿಯನೆಂದು ಪೂಜಿಸುತ್ತದೆ. ಅವನ ವಚನಗಳೆಲ್ಲ ಕಾವ್ಯವೆಂದು ನಾವು ವಾದಿಸುವವರಲ್ಲ. ಪರಿಭಾಷೆ ಪರಿಭಾಷೆಯನ್ನು ಹೆತ್ತು ಓದುಗನನ್ನು ದಣಿಸುವ ವಚನಗಳೂ ಉಂಟು. ಆ ದೋಷವನ್ನು ದೋಷವೆಂದೇ ಹೇಳೋಣ. ಆದರೆ ಬ್ರಾಹ್ಮಣ ಕವಿಯಿಂದ ಬ್ರಹ್ಮವನ್ನೂ ಕ್ಷೌರಿಕ ಕವಿಯಿಂದ ಕ್ಷೌರವನ್ನೂ ನಿರೀಕ್ಷಿಸುವುದು ವಿಮರ್ಶೆಯಲ್ಲ, ಅದು ಪಂಕ್ತಿಭೇದ. ದಿನವೆಲ್ಲ ಚೀಲ ಹೊತ್ತವನು ಬರೆಯಲು ಕುಳಿತಾಗ ಅದನ್ನು ಬಾಗಿಲ ಹೊರಗಿಟ್ಟು ಬಂದರೆ, ಒಳಗೆ ತನ್ನಿರೆಂದು ಅಪ್ಪಣೆ ಮಾಡಲು ನಾವಾರು?

ಅವನ ಮಡದಿ ಲಿಂಗಮ್ಮನೂ ವಚನಕಾರ್ತಿ. ಅವಳ ಅಂಕಿತ ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’. ಗಂಡನ ಹೆಸರನ್ನು ಅಂಕಿತಕ್ಕೆ ತಂದವಳು ಹಡಪವನ್ನು ತರಲಿಲ್ಲ.